ಖಾಲಿಯಾಗದ ಪರದೆ

ಫೆಬ್ರವರಿ 4

ಅಕ್ಕಾ,

ನೀನು ಬಿಟ್ಟುಹೋದ ಕುರ್ಚಿಯಲ್ಲಿ ಕೂತು ನಾಳೆಗೆ ಎಂಟು ತಿಂಗಳು. ಔಷಧ ಉಗ್ರಾಣದ ಕಂಪ್ಯೂಟರ್ ಕೋಣೆ ನೀನಿದ್ದಾಗ ಹೇಗಿತ್ತೋ ಹಾಗೇ ಇದೆ. ಅದೇ ಆಳೆತ್ತರದ ಕಪ್ಪು ಯಂತ್ರ, ಅದೇ ಏಸಿಯ ಗೊರಕೆ, ಬಾಗಿಲ ಪಕ್ಕದ ಗೋಡೆಗೆ ನಿನ್ನ ಪ್ರಶಸ್ತಿಪತ್ರ. 'ಹನ್ನೆರಡು ವರ್ಷ ಒಮ್ಮೆಯೂ ಖಾಲಿಯಾಗದ ಪರದೆಗಾಗಿ' ಎಂದು ಬರೆದಿರುವುದರ ಕೆಳಗೆ ಕೂತು ದಿನಾ ಊಟದ ಡಬ್ಬಿ ಬಿಚ್ಚುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ಫೋನಿನಲ್ಲಿ ಕೂಗಿದರೆ ನಿನಗೆ ಕೇಳುವುದಿಲ್ಲ, ಮೊಬೈಲಿನಲ್ಲಿ ಕುಟ್ಟಿ ಕಳಿಸಿದರೆ ನೀನು ಓದುವುದಿಲ್ಲ. ಹಾಗಾಗಿ ಕಾಗದ.

ಹೊಸ ಮ್ಯಾನೇಜರ್ ಹೋದ ವಾರ ನನ್ನ ಬೆನ್ನ ಹಿಂದೆ ನಿಂತು, ಯಂತ್ರದೊಳಗೆ ಏನೇನು ಓಡುತ್ತಿದೆ ಎಂಬ ಪಟ್ಟಿಯ ಮೇಲೆ ಬೆರಳಾಡಿಸಿದರು. ಒಂದು ಸಾಲಿನಲ್ಲಿ ವೆಬ್ ಸರ್ವರ್, ಅದರ ಕೆಳಗೆ ವೆಬ್ ಅಪ್ಲಿಕೇಶನ್ ಸರ್ವರ್. "ಒಂದೇ ಕೆಲ್ಸಕ್ಕೆ ಎರಡು ಯಾಕ್ರೀ? ಅದಕ್ಕೇ ಯಂತ್ರ ತೆವಳ್ತಾ ಇದೆ. ಒಂದನ್ನ ನಿಲ್ಲಿಸಿ," ಎಂದರು. ಆ ಮನುಷ್ಯನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿ ಇಲ್ಲ, ಗೊತ್ತಿರುವುದೂ ಇಲ್ಲ. ನಾನು ವಾದಿಸಲಿಲ್ಲ. ವಾದಿಸಲು ನನಗೂ ತಿಳಿದಿರಬೇಕಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎರಡನೆಯದನ್ನು ನಿಲ್ಲಿಸಿದೆ. ಕೂಡಲೇ ಆಸ್ಪತ್ರೆಗಳವರು ನೋಡುವ ದಾಸ್ತಾನು ಪುಟವನ್ನು ತೆರೆದೆ. ಯಾವ ಔಷಧ ಎಷ್ಟಿದೆ ಎಂಬ ಪಟ್ಟಿ ಎಂದಿನಂತೆ ಬಂತು. ಯಂತ್ರವೂ ಹಗುರಾಗಿದೆ. ಹಾಗಾದರೆ ಆ ಎರಡನೆಯದು ಇಷ್ಟು ವರ್ಷ ಏನು ಮಾಡುತ್ತಿತ್ತು? ನಿಲ್ಲಿಸಿದ್ದನ್ನು ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದೇನೆ, ಅದಕ್ಕಾದರೂ ಬೈಯಬೇಡ.

ನಿನ್ನ ತಮ್ಮ

&nbsp;

ಫೆಬ್ರವರಿ 9

ಯಂತ್ರದ ಒಡೆಯರಿಗೆ,

ನಿಮ್ಮ ಕಾಗದ ಓದಿ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಕೆಳಗಿನ ಇಸ್ತ್ರಿ ಅಂಗಡಿಯವನು ಮೆಟ್ಟಿಲು ಹತ್ತಿ ಬಂದು, ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದ. ತಮ್ಮನಿಗೆ ಕೆಲಸ ಸಿಕ್ಕಿದೆ ಎಂದೆ. ಪಾಪ, ಒಳ್ಳೆಯದಾಯಿತು ಎಂಬಂತೆ ತಲೆಯಾಡಿಸಿ ಹೋದ.

ಹದಿನೈದು ವರ್ಷ ಪ್ರಿಂಟರ್ ರಿಪೇರಿ ಮಾಡಿಕೊಂಡಿದ್ದವನನ್ನು ಆ ಕುರ್ಚಿಗೆ ಶಿಫಾರಸು ಮಾಡಿದವಳು ನಾನು. ಅನುಭವಿಸುತ್ತೇನೆ. ಈಗ ಕಿವಿಗೊಟ್ಟು ಕೇಳು, ಇನ್ನೊಮ್ಮೆ ಬರೆಯುವುದಿಲ್ಲ.

ವೆಬ್ ಸರ್ವರ್ ಅಂದರೆ ಕಿಟಕಿಯಲ್ಲಿ ಕೂತ ಗುಮಾಸ್ತ. ಯಾರು ಬಂದು ಕೇಳಿದರೂ ಮುಂದಿರುವ ಹಾಳೆಯನ್ನು ಎತ್ತಿ ಕೊಡುವುದಷ್ಟೇ ಅವನ ಕೆಲಸ. ಕಂಪನಿಯ ವಿಳಾಸ, ರಜೆಗಳ ಪಟ್ಟಿ, ಮಾಲೀಕರು ಹಲ್ಲು ಕಿರಿದ ಫೋಟೋ, ಇಂಥ ಬದಲಾಗದ ಹಾಳೆಗಳಿಗೆ ಅವನೊಬ್ಬ ಸಾಕು. ಅವನು ಓದುವುದಿಲ್ಲ, ಎಣಿಸುವುದಿಲ್ಲ, ಯೋಚಿಸುವುದಂತೂ ದೂರದ ಮಾತು. ನಿಮ್ಮ ಮ್ಯಾನೇಜರನನ್ನು ನೆನೆಸಿಕೋ, ಸುಲಭವಾಗುತ್ತದೆ. ಆದರೆ 'ಈ ಚುಚ್ಚುಮದ್ದು ಈಗ ಎಷ್ಟಿದೆ' ಎಂದು ಯಾರಾದರೂ ಕೇಳಿದರೆ ಅದಕ್ಕೆ ಸಿದ್ಧ ಹಾಳೆ ಎಲ್ಲಿಂದ ಬರಬೇಕು? ಆಗ ಗುಮಾಸ್ತ ಒಳಗಿನವನನ್ನು ಕೂಗುತ್ತಾನೆ. ಒಳಗಿನವನು ಎದ್ದು, ದಾಸ್ತಾನಿನ ಕಡತಗಳನ್ನು ತೆರೆದು, ಬಂದದ್ದನ್ನು ಕೂಡಿ ಹೋದದ್ದನ್ನು ಕಳೆದು, ಆ ಕ್ಷಣದ ಅಂಕಿಯನ್ನು ಹೊಸ ಹಾಳೆಯ ಮೇಲೆ ಬರೆದು ಕೊಡುತ್ತಾನೆ. ಅವನೇ ವೆಬ್ ಅಪ್ಲಿಕೇಶನ್ ಸರ್ವರ್. ಇಬ್ಬರೂ ಒಂದೇ ಯಂತ್ರದಲ್ಲಿ ಕೂತಿದ್ದಾರೆ ಎಂದ ಮಾತ್ರಕ್ಕೆ ಇಬ್ಬರದೂ ಒಂದೇ ಕೆಲಸ ಅಲ್ಲ. ನೀನೂ ನಾನೂ ಒಂದೇ ಮನೆಯಲ್ಲಿ ಬೆಳೆದೆವು, ತಲೆ ಒಂದೇ ಆಯಿತೇ?

ಈಗ ನಿನ್ನ ಪರಾಕ್ರಮಕ್ಕೆ ಬರೋಣ. ನೀನು ಒಳಗಿನವನನ್ನು ನಿಜವಾಗಿ ನಿಲ್ಲಿಸಿದ್ದರೆ ದಾಸ್ತಾನು ಪುಟ ಖಾಲಿಯಾಗಬೇಕಿತ್ತು. ಆಗಿಲ್ಲ. ಅಂದರೆ ನೀನು ಏನನ್ನೂ ನಿಲ್ಲಿಸಿಲ್ಲ. ಒಂದು ಆಜ್ಞೆಯನ್ನು ತಪ್ಪಿಲ್ಲದೆ ಕುಟ್ಟಲು ನಿನಗೆ ಬರಲಿಲ್ಲ, ಅದು ಆಸ್ಪತ್ರೆಗಳವರ ಪುಣ್ಯ. ಲಾಗ್ ಪುಸ್ತಕದಲ್ಲಿ ಆಗದ ಕೆಲಸವನ್ನು ಆಗಿದೆ ಎಂದು ಬರೆದಿದ್ದೀಯ. ಅದನ್ನು ಹೊಡೆದುಹಾಕಿ ಸಹಿ ಮಾಡು.

ತಲೆ ನೋಯುತ್ತಿರುವ,
ನಿನ್ನ ಅಕ್ಕ

&nbsp;

ಫೆಬ್ರವರಿ 13

ಅಕ್ಕಾ,

ಬೈದದ್ದಕ್ಕೆ ಬೇಸರವಿಲ್ಲ, ಚಿಕ್ಕಂದಿನಿಂದ ರೂಢಿ. ಆದರೆ ಅದು ನಿಂತಿದೆ. ಪಟ್ಟಿಯಲ್ಲಿ ಆ ಸಾಲೇ ಇಲ್ಲ, ಮೂರು ಸಲ ನೋಡಿದೆ. ಒಳಗೆ ಯಾರೂ ಇಲ್ಲದಿದ್ದರೂ ನಿನ್ನ ಗುಮಾಸ್ತ ಹಾಳೆ ಕೊಡುತ್ತಲೇ ಇದ್ದಾನೆ. ಎಲ್ಲಿಂದ?

ಇನ್ನೊಂದು. ಮಂಗಳವಾರ ಆ ಪುಟದಲ್ಲಿ ಕೈಗವಸು 312 ಪೆಟ್ಟಿಗೆ ಎಂದಿತ್ತು. ಬುಧವಾರ 312. ಇವತ್ತೂ 312. ಉಗ್ರಾಣದವರು ಈ ಪುಟ ನೋಡುವುದೇ ಇಲ್ಲ, ಅವರದ್ದು ಯಂತ್ರಕ್ಕೆ ನೇರವಾಗಿ ಜೋಡಿಸಿದ ಹಸಿರು ಅಕ್ಷರದ ಪರದೆ. ಅಲ್ಲಿನ ಹಿರಿಯನನ್ನು ವಿಚಾರಿಸಿದೆ. "ಕೈಗವಸಾ? ಈ ವಾರ ಹೋಗಿರ್ಲಿಕ್ಕಿಲ್ಲ ಬಿಡಿ," ಎಂದು ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಾ ಹೇಳಿದ.

ನನಗೇಕೋ ಸಮಾಧಾನವಿಲ್ಲ. ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಲೇ? ಮ್ಯಾನೇಜರ್ ಕಾರಣ ಕೇಳುತ್ತಾರೆ. ಯಂತ್ರ ಹಗುರಾಯಿತೆಂದು ಮಾಲೀಕರ ಹತ್ತಿರ ಬೆನ್ನು ತಟ್ಟಿಸಿಕೊಂಡು ಬಂದಿದ್ದಾರೆ. ನೀನು ಒಂದೇ ಒಂದು ಸಾಲು ಬರೆದು ಕಳಿಸು, ಅದನ್ನೇ ತೋರಿಸುತ್ತೇನೆ. ಇಲ್ಲಿ ಈಗಲೂ ನಿನ್ನ ಮಾತಿಗೆ ಎದುರಿಲ್ಲ.

ತಮ್ಮ

&nbsp;

ಫೆಬ್ರವರಿ 18

ತಮ್ಮಾ,

ಕೈಗವಸು ಖರ್ಚಾಗದಿದ್ದರೆ ನಾನೇನು ಬಂದು ಹಾಕಿಕೊಳ್ಳಲೇ?

ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿದ್ದೆ. ಪರದೆಯ ಮೇಲೆ ಕಂಡ ಅಂಕಿಯನ್ನು ಪರೀಕ್ಷಿಸಲು ಒಂದು ದಿನವೂ ಕಪಾಟಿನ ಮುಂದೆ ಹೋಗಿ ನಿಂತವಳಲ್ಲ. ನಿನಗೆ ಭಯವಾದರೆ ಆ ಭಯವನ್ನು ಮ್ಯಾನೇಜರನಿಗೆ ಹೇಳು. ಅದಕ್ಕೆ ನನ್ನ ಹೆಸರು ಎಳೆಯಬೇಡ. ಇನ್ನೊಂದು ಕಾಗದ ಬರೆಯುವ ಮೊದಲು ಕೈಪಿಡಿ ಓದು. ನಿನ್ನಂಥವರಿಗೆಂದೇ ಅದರಲ್ಲಿ ಚಿತ್ರಗಳೂ ಇವೆ.

ಅಕ್ಕ

&nbsp;

ಫೆಬ್ರವರಿ 27

ಅಕ್ಕಾ,

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ದೂರದ ಒಂದು ಸಣ್ಣ ಆಸ್ಪತ್ರೆಯ ವಾಹನ ಬಂತು. ಅಲ್ಲಿ ಹಾವು ಕಚ್ಚಿದ ಹೆಂಗಸೊಬ್ಬಳು ಮಲಗಿದ್ದಳು. ಅವರ ಬಳಿ ಇದ್ದ ಔಷಧ ಸಾಲದೆ, ನಮ್ಮ ಪುಟದಲ್ಲಿ ನಲವತ್ತಾರು ಸೀಸೆ ಇದೆ ಎಂದು ನೋಡಿಕೊಂಡೇ ಹೊರಟು ಬಂದಿದ್ದರು. ನಮ್ಮ ಕಪಾಟಿನಲ್ಲಿ ಒಂದೂ ಇರಲಿಲ್ಲ. ಖಾಲಿಯಾಗಿ ಹತ್ತು ದಿನವಾಗಿತ್ತಂತೆ.

ಡ್ರೈವರ್ ತನ್ನ ಫೋನನ್ನು ನನ್ನ ಮುಖದ ಮುಂದೆ ಹಿಡಿದು, "ಇಲ್ಲಿ ನಲವತ್ತಾರು ಅಂತಿದ್ಯಲ್ಲ ಸಾರ್. ನಾನ್ ವಾಪಸ್ ಹೋಗಿ ಅವರಿಗೆ ಏನಂತ ಹೇಳ್ಲಿ?" ಎಂದ. ಕೂಗಾಡಲಿಲ್ಲ. ಆ ಸಾಲಿನ ಮೇಲೆಯೇ ಕೈಗವಸು, 312.

ಅವನು ಇನ್ನೊಂದು ಊರಿಗೆ ಹೋಗಿ ತರುವಷ್ಟರಲ್ಲಿ ನಾಲ್ಕು ಗಂಟೆ ಹೆಚ್ಚಾಯಿತು. ಹೆಂಗಸು ಬದುಕಿದ್ದಾಳೆ. ಬಲಗೈಯ ಮೂರು ಬೆರಳು ತೆಗೆಯಬೇಕಾಗುತ್ತದೆ ಎಂದಿದ್ದಾರೆ. ಅವಳು ದರ್ಜಿ.

ವಾಹನ ಗೇಟು ದಾಟುವ ಮೊದಲೇ ನಾನು ಯಾರನ್ನೂ ಕೇಳದೆ ಅಪ್ಲಿಕೇಶನ್ ಸರ್ವರ್ ಶುರು ಮಾಡಿದೆ. ಪುಟದ ಅಂಕಿಗಳೆಲ್ಲ ಒಮ್ಮೆಗೇ ಬದಲಾದವು. ಕೈಗವಸು 88. ಮೂರು ವಾರ ನಾವು ಆಸ್ಪತ್ರೆಗಳಿಗೆ ಒಂದೇ ಸೋಮವಾರದ ಹಾಳೆಯನ್ನು ತೋರಿಸುತ್ತಿದ್ದೆವು.

ಉಗ್ರಾಣ ನನ್ನ ಕೋಣೆಯಿಂದ ನಲವತ್ತು ಹೆಜ್ಜೆ. ನಡೆದು ಹೋಗಿ ನೋಡಬಹುದಿತ್ತು, ನೋಡಲಿಲ್ಲ. ಅದು ನನ್ನ ತಪ್ಪು, ಅದನ್ನು ಯಾರ ಮೇಲೂ ಹಾಕುವುದಿಲ್ಲ. ನಿನ್ನನ್ನು ಕೇಳುವುದು ಒಂದೇ. ಒಳಗಿನವನು ನಿಂತರೆ ಪುಟ ಖಾಲಿಯಾಗಬೇಕು ಎಂದು ನೀನು ಬರೆದಿದ್ದೆ. ಏಕೆ ಆಗಲಿಲ್ಲ?

ತಮ್ಮ

&nbsp;

ಮಾರ್ಚ್ 9

ಅಕ್ಕಾ,

ಉತ್ತರ ಬರಲಿಲ್ಲ. ಬೈಗುಳವೂ ಬರಲಿಲ್ಲ, ಅದು ಇನ್ನೂ ವಿಚಿತ್ರ.

ನಾನೇ ಹುಡುಕಿದೆ. ವೆಬ್ ಸರ್ವರ್ ಹೇಗೆ ನಡೆಯಬೇಕೆಂದು ಬರೆದಿಡುವ ಕಡತದ ಕೊನೆಯಲ್ಲಿ ಯಾರೋ ಎರಡು ಸಾಲು ಸೇರಿಸಿದ್ದರು. ಒಳಗಿನಿಂದ ಉತ್ತರ ಬರದಿದ್ದರೆ ಕೊನೆಯ ಸಲ ಬಂದ ಹಾಳೆಯನ್ನೇ ಮತ್ತೆ ಮತ್ತೆ ಕೊಡು ಎಂಬ ಸಾಲುಗಳು. ಅದು ಹಳೆಯ ಹಾಳೆ ಎಂದು ಹೇಳುವ ಒಂದು ತಾರೀಕೂ ಪುಟದ ಮೇಲೆ ಬರದ ಹಾಗೆ. ಇನ್ನೊಂದು ಗಂಟೆ ಅದು ಅಲ್ಲಿರುವುದು ಬೇಡವೆಂದು ಅಳಿಸಿಹಾಕಿದೆ. ಅಳಿಸಿದ್ದನ್ನು ಲಾಗ್ ಪುಸ್ತಕದಲ್ಲಿ ಬರೆದೆ.

ಆಮೇಲೆ ಹೊಳೆಯಿತು ನಾನು ಮಾಡಿಕೊಂಡದ್ದು. ಕಡತದ ಮೇಲೆ ಈಗ ಇರುವುದು ನಾನು ಅಳಿಸಿದ ದಿನದ ತಾರೀಕು. ಹಳೆಯ ಪ್ರತಿಗಳನ್ನು ಮ್ಯಾನೇಜರ್ ಜಾಗ ತಿನ್ನುತ್ತವೆಂದು ಜನವರಿಯಲ್ಲೇ ಗುಡಿಸಿಹಾಕಿಸಿದ್ದಾರೆ. ನಿನ್ನ ಇಪ್ಪತ್ತೆರಡು ವರ್ಷದ ಲಾಗ್ ಪುಸ್ತಕಗಳನ್ನೆಲ್ಲ ಪುಟ ಪುಟ ತಿರುವಿದೆ. ಏಸಿಯ ನೀರು ಸೋರಿದ್ದು, ಇಲಿ ತಂತಿ ಕಡಿದದ್ದು, ಗಡಿಯಾರಕ್ಕೆ ಸೆಲ್ ಹಾಕಿದ್ದು ಎಲ್ಲ ಬರೆದಿದ್ದೀಯ. ಆ ಎರಡು ಸಾಲಿನ ಸುದ್ದಿ ಇರುವುದು ಒಂದೇ ಕಡೆ, ನನ್ನ ಕೈಬರಹದಲ್ಲಿ.

ಇಪ್ಪತ್ತನೆಯ ತಾರೀಕು ವಿಚಾರಣೆ. ಮೂವರ ಸಮಿತಿ. ನಾನೇ ಹಾಕಿ ನಾನೇ ಅಳಿಸಿದೆ ಎಂದು ಮ್ಯಾನೇಜರ್ ಆಗಲೇ ಹೇಳಿಕೊಂಡು ತಿರುಗುತ್ತಿದ್ದಾರೆ. ಅದನ್ನು ಹಾಕಿದ್ದು ಯಾರೆಂದು ನಿನಗೆ ಗೊತ್ತಿದ್ದರೆ ಬರೆ.

ತಮ್ಮ

&nbsp;

ಮಾರ್ಚ್ 13

ತಮ್ಮಾ,

ನಾನು.

ಹದಿಮೂರು ವರ್ಷದ ಹಿಂದೆ ಮಾಲೀಕರು ಹೊರಗಿನ ನಾಲ್ಕು ಜನ ದೊಡ್ಡ ಮನುಷ್ಯರನ್ನು ಕರೆದುಕೊಂಡು ನನ್ನ ಕೋಣೆಗೆ ಬಂದರು. ದಾಸ್ತಾನು ಪುಟ ಆಗಷ್ಟೇ ಹೊಸದು. ತೋರಿಸಿ ಎಂದರು. ಅದೇ ಗಳಿಗೆಗೆ ಅಪ್ಲಿಕೇಶನ್ ಸರ್ವರ್ ಕೈಕೊಟ್ಟಿತು. ಬಿಳಿ ಪರದೆ. ಹನ್ನೊಂದು ನಿಮಿಷ ನಾನು ಕುಟ್ಟುತ್ತಲೇ ಇದ್ದೆ, ಅವರು ನನ್ನ ಹಿಂದೆ ನಿಂತೇ ಇದ್ದರು. ಕೊನೆಗೆ ಮಾಲೀಕರು ಅತಿಥಿಗಳ ಕಡೆ ತಿರುಗಿ, "ಹೆಂಗಸರ ಕೈಗೆ ಯಂತ್ರ ಕೊಟ್ರೆ ಹೀಗೇನೆ. ಬನ್ನಿ, ಟೀ ಕುಡಿಯೋಣ," ಎಂದರು. ಆಗಿನ್ನೂ ನನ್ನ ಕಿವಿ ಚೆನ್ನಾಗಿ ಕೇಳುತ್ತಿತ್ತು. ನನಗೇ ಹೇಳಿದ್ದರೆ ತಿರುಗಿ ಕೊಡುತ್ತಿದ್ದೆ. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೇಳಿದರು.

ಆ ಶನಿವಾರ ಕೂತು ಆ ಎರಡು ಸಾಲು ಬರೆದೆ. ಅದಾದ ಮೇಲೆ ಒಳಗಿನವನು ಎಷ್ಟು ಸಲ ಬಿದ್ದನೋ ಲೆಕ್ಕವಿಲ್ಲ. ಹತ್ತು ನಿಮಿಷ, ಅರ್ಧ ಗಂಟೆ, ಒಮ್ಮೆ ಇಡೀ ಒಂದು ಮಧ್ಯಾಹ್ನ. ನಾನು ಓಡಿ ಹೋಗಿ ಎಬ್ಬಿಸುತ್ತಿದ್ದೆ. ಹೊರಗೆ ಯಾರಿಗೂ ತಿಳಿಯಲಿಲ್ಲ, ಗುಮಾಸ್ತ ಹಳೆಯ ಹಾಳೆ ಹಿಡಿದು ನಗುತ್ತಾ ಕೂತಿರುತ್ತಿದ್ದ. ಲಾಗ್ ಪುಸ್ತಕದಲ್ಲಿ ಬರೆಯಲಿಲ್ಲ. ಬರೆದಿದ್ದರೆ ಖಾಲಿಯಾಗದ ಪರದೆಯ ಗುಟ್ಟು ಬಯಲಾಗುತ್ತಿತ್ತು. ಆ ಗುಟ್ಟಿಗೆ ಪ್ರಶಸ್ತಿ ಕೊಟ್ಟರು, ಕೈಚಾಚಿ ತೆಗೆದುಕೊಂಡೆ. ಕೆಲಸ ಬಿಟ್ಟು ಬರುವಾಗಲಾದರೂ ನಿನಗೆ ಹೇಳಬಹುದಿತ್ತು. ಪ್ರಿಂಟರ್ ರಿಪೇರಿಯವನ ಮುಂದೆ ಬಾಯಿಬಿಡಲು ಮನಸ್ಸು ಬರಲಿಲ್ಲ.

ಈಗ ಅದಕ್ಕಿಂತ ಕೆಟ್ಟದ್ದನ್ನು ಬರೆಯುತ್ತೇನೆ. ನಿನ್ನ ಮೊದಲ ಕಾಗದಕ್ಕೆ ಉತ್ತರ ಬರೆಯುವಾಗ ನನಗೆ ಆ ಸಾಲುಗಳ ನೆನಪು ನಿಜಕ್ಕೂ ಇರಲಿಲ್ಲ. ನಿನ್ನನ್ನು ಹಂಗಿಸುವ ಸಂಭ್ರಮದಲ್ಲಿದ್ದೆ. ಎರಡನೆಯ ಕಾಗದದಲ್ಲಿ 312 ಎಂದು ಓದಿದೆನಲ್ಲ, ಆಗ ನೆನಪಾಯಿತು. ಶುರು ಮಾಡು ಎಂದು ಒಂದು ಸಾಲು ಬರೆದರೆ ಸಾಕಿತ್ತು. ಆದರೆ ಬರೆದರೆ ನೀನು ಏಕೆ ಎಂದು ಕೇಳುತ್ತೀಯ. ನೀನು ಕೇಳುವುದು, ನಾನು ಹೇಳುವುದು, ಅದನ್ನು ಆ ಮ್ಯಾನೇಜರ್ ಓದುವುದು. ಎರಡು ದಿನದಲ್ಲಿ ಅವರೇ ಕಂಡುಕೊಳ್ಳುತ್ತಾರೆ ಬಿಡು ಎಂದುಕೊಂಡು ಕೈಗವಸಿನ ಮೇಲೆ ಹಾಸ್ಯ ಬರೆದು ಅಂಚೆಗೆ ಹಾಕಿದೆ. ಆ ಕಾಗದ ನಿನ್ನ ಕೈ ಸೇರಿದ ಮೇಲೂ ಆ ಹೆಂಗಸಿಗೆ ಹಾವು ಕಚ್ಚಲು ಎರಡು ಮೂರು ದಿನ ಇತ್ತು. ಲೆಕ್ಕ ಹಾಕಿ ನೋಡಿದ್ದೇನೆ.

ನಿನ್ನನ್ನು ಜೀವಮಾನವಿಡೀ ಪೆದ್ದ ಎಂದು ಕರೆದೆ. ಮೂರು ದಿನ ಒಂದು ಅಂಕಿ ಬದಲಾಗಲಿಲ್ಲ ಎಂದು ಗಮನಿಸಿದವನು ನೀನು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ನಾನು. ನನ್ನ ಮೇಲೆ ನನಗೇ ಅಸಹ್ಯವಾಗಿದೆ, ಹಾಗೆ ಹೇಳಿದರೆ ಏನೂ ಸರಿಯಾಗುವುದಿಲ್ಲವೆಂದೂ ಗೊತ್ತಿದೆ.

ಇದೇ ವಿಷಯವನ್ನು ಸಮಿತಿಗೂ ಬರೆದು ಇವತ್ತೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಿನ್ನ ಕೆಲಸಕ್ಕೆ ಏನೂ ಆಗಕೂಡದು.

ಅಕ್ಕ

&nbsp;

ಮಾರ್ಚ್ 24

ಅಕ್ಕಾ,

ವಿಚಾರಣೆ ಮುಗಿಯಿತು. ನಿನ್ನ ಕಾಗದವನ್ನು ಮೂವರೂ ಓದಿದರು. ನಡುವೆ ಕೂತಿದ್ದ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಒಡಹುಟ್ಟಿದವಳು ಅಂದ್ರೆ ಇಂಥವಳಿರ್ಬೇಕು. ತಮ್ಮನನ್ನ ಉಳಿಸೋಕೆ ತನ್ನ ಹೆಸರಿಗೇ ಮಸಿ ಬಳ್ಕೋತಿದ್ದಾರೆ," ಎಂದರು. ನಾನು ಅದು ನಿಜ ಎಂದೆ. "ನಿಮಗೆ ನಾಚಿಕೆ ಆಗೋದಿಲ್ವಾ ಅವರ ಕೈಲಿ ಹೀಗೆ ಬರೆಸೋಕೆ?" ಎಂದು ಕೇಳಿದರು.

ಅವರ ಮುಂದೆ ಎರಡು ಪುಸ್ತಕಗಳಿದ್ದವು. ನಿನ್ನದರಲ್ಲಿ ಆ ಸಾಲುಗಳ ಹೆಸರೇ ಇಲ್ಲ. ಗಡಿಯಾರದ ಸೆಲ್ಲನ್ನೂ ಬರೆದಿಟ್ಟವರು ಇದನ್ನು ಬಿಡುತ್ತಾರೆಯೇ ಎಂದರು. ನನ್ನದರಲ್ಲಿ ಇದೆ. ಅಪ್ಲಿಕೇಶನ್ ಸರ್ವರ್ ನಿಲ್ಲಿಸಿದ್ದೂ ನನ್ನ ಸಹಿಯಲ್ಲೇ ಇದೆ. ಮ್ಯಾನೇಜರ್ ಅಂಥ ಮಾತನ್ನು ತಾವು ಆಡಿಯೇ ಇಲ್ಲ ಎಂದರು, ಆಡಿದ ಮಾತಿಗೆ ಪುಸ್ತಕವಿಲ್ಲವಲ್ಲ.

ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಕಾರಣ ಎಂಬಲ್ಲಿ 'ಸುಳ್ಳು ದಾಸ್ತಾನು ತೋರಿಸುವ ವ್ಯವಸ್ಥೆಯನ್ನು ರಹಸ್ಯವಾಗಿ ಅಳವಡಿಸಿ ಅಳಿಸಿದ್ದಕ್ಕೆ' ಎಂದು ಬರೆದಿದ್ದಾರೆ. ಈ ಸಾಲು ಹೊತ್ತವನಿಗೆ ಯಾರೂ ಕೀಲಿಮಣೆ ಮುಟ್ಟಲು ಬಿಡುವುದಿಲ್ಲ.

ದರ್ಜಿಯ ಮನೆಗೆ ಹೋಗಿದ್ದೆ. ಕೈಗೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ಬಂದಳು. ನಾನು ಯಾರೆಂದು ಹೇಳಿದೆ. ಬಾಗಿಲು ಹಾಕಿಕೊಂಡಳು.

ತಮ್ಮ

&nbsp;

ಏಪ್ರಿಲ್ 6

ತಮ್ಮಾ,

ಗುರುವಾರ ಬಸ್ಸು ಹತ್ತಿ ಉಗ್ರಾಣಕ್ಕೆ ಹೋಗಿದ್ದೆ. ನಿನಗೆ ತಿಳಿಸಲಿಲ್ಲ, ಬೇಡ ಎನ್ನುತ್ತೀಯ ಎಂದು. ಕಾಗದವನ್ನು ನಂಬದವರು ಮುಖ ನೋಡಿಯಾದರೂ ನಂಬಿಯಾರು ಎಂದುಕೊಂಡೆ.

ಗೇಟಿನವನು ಎದ್ದು ನಿಂತ. ಮ್ಯಾನೇಜರ್ ತನ್ನ ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟು, ಟೀ ತರಿಸಿ, ನಾನು ಓದಲೆಂದು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಾ ಹೋದ. 'ನಿಮ್ಮಂಥವರು ಈಗ ಎಲ್ಲಿದ್ದಾರೆ ಮೇಡಂ?' ನಾನು ಹೇಳಿದೆ, ಆ ಸಾಲು ಬರೆದದ್ದು ನಾನು ಕಣಯ್ಯ ಎಂದು. ತಲೆಯಾಡಿಸಿದ. ಇನ್ನೊಮ್ಮೆ ಹೇಳಿದೆ, ಆ ಸಾಲುಗಳನ್ನು ಅವನೆದುರೇ ಕಾಗದದ ಮೇಲೆ ಒಂದಕ್ಷರ ಬಿಡದೆ ಬರೆದು ತೋರಿಸಿದೆ. ನೋಡಿದ. 'ತಮ್ಮ ಕಲಿಸಿಕೊಟ್ಟಿದ್ದಾನೆ' ಎಂದು ಅದರ ಕೆಳಗೇ ಬರೆದ. ನಗುತ್ತಾ ಬರೆದ.

ಮಾಲೀಕರನ್ನು ನೋಡಬೇಕೆಂದು ಹಟ ಹಿಡಿದೆ. ವಯಸ್ಸಾಗಿದೆ ಅವರಿಗೆ. ಆ ಹನ್ನೊಂದು ನಿಮಿಷವನ್ನು ನೆನಪಿಸಿದೆ, ಅವರು ಆಡಿದ ಮಾತನ್ನೂ ಹೇಳಿದೆ. ಅಂಥದ್ದು ನಡೆದೇ ಇಲ್ಲ ಎಂದು ಕೈಯಾಡಿಸಿದರು. ಅವರು ಹೇಳಿದ್ದನ್ನು ಮ್ಯಾನೇಜರ್ ಬರೆದು ತೋರಿಸಿದ. ನನ್ನ ಪರದೆ ಒಂದು ದಿನವೂ ಖಾಲಿಯಾಗಿರಲಿಲ್ಲವಂತೆ, ಗೋಡೆಯ ಮೇಲೆ ಬರೆದಿದೆಯಂತೆ. ನಾನು ಹದಿಮೂರು ವರ್ಷ ಎದೆಯೊಳಗೆ ಇಟ್ಟುಕೊಂಡು ಕೊಳೆಸಿದ್ದು ಅವರಿಗೆ ಟೀ ಕುಡಿಯುವ ಹೊತ್ತಿನಷ್ಟೂ ನೆನಪಿರಲಿಲ್ಲ. ಅಂಥವರ ಒಂದು ಮಾತಿಗಾಗಿ ನಾನು ಇಷ್ಟನ್ನೆಲ್ಲ ಮಾಡಿದೆ.

ಹೊರಡುವಾಗ ಮ್ಯಾನೇಜರ್ ನಿನ್ನ ಜಾಗಕ್ಕೆ ಬಂದಿರುವವಳನ್ನು ಕರೆದು ನನ್ನ ಕಾಲು ಮುಟ್ಟಿಸಿದ. ಆ ಹುಡುಗಿಗೆ ವೆಬ್ ಸರ್ವರ್ ಯಾವುದು, ಅಪ್ಲಿಕೇಶನ್ ಸರ್ವರ್ ಯಾವುದು ಎಂದು ಕೇಳಿದೆ. ಎರಡೂ ಒಂದೇ ಎಂಬಂತೆ ಕೈ ಮಾಡಿದಳು. ನನಗೆ ಬೈಯಲು ಬಾಯಿ ಬರಲಿಲ್ಲ. ಕೂತು ಒಂದು ಗಂಟೆ ಹೇಳಿಕೊಟ್ಟೆ.

ಇನ್ನೇನು ಮಾಡಲಿ ಹೇಳು. ಪತ್ರಿಕೆಗೆ ಬರೆಯಲೇ? ಕೋರ್ಟಿಗೆ ಹೋಗಲೇ? ಆ ದರ್ಜಿಯ ಮನೆಗೆ ನಾನು ಹೋಗಲೇ? ನೀನು ಹೇಳಿದ್ದನ್ನು ಮಾಡುತ್ತೇನೆ. ಹುಟ್ಟಿದ ಮೇಲೆ ಮೊದಲ ಸಲ ನಿನ್ನನ್ನು ಕೇಳುತ್ತಿದ್ದೇನೆ. ಒಂದು ಸಾಲು ಬರೆ.

ಅಕ್ಕ

&nbsp;

ಏಪ್ರಿಲ್ 29

ಅಕ್ಕಾ,

ಹಳೆಯ ಪ್ರಿಂಟರ್ ಅಂಗಡಿಗೇ ಮರಳಿದ್ದೇನೆ. ಯಜಮಾನ ಏನೂ ಕೇಳದೆ ಸ್ಕ್ರೂಡ್ರೈವರ್ ಕೈಗಿಟ್ಟ.

ಮಾಡುವುದೇನೂ ಉಳಿದಿಲ್ಲ. ದರ್ಜಿಯ ಮನೆಗೆ ಹೋಗಬೇಡ, ಅವಳಿಗೆ ನಮ್ಮಿಬ್ಬರ ಮುಖವೂ ಬೇಕಾಗಿಲ್ಲ. ಹೆದರುವಂಥದ್ದೇನೂ ಇಲ್ಲ ಎಂಬಂತೆ ನೀನು ಕೈಗವಸಿನ ಹಾಸ್ಯ ಬರೆದಾಗ ಅದನ್ನು ನಂಬಿದವನು ನಾನೊಬ್ಬ. ನಾನೇ ಮಾಡಿದೆ ಎಂದು ಬರೆದಾಗ ನಂಬಿದವನೂ ನಾನೊಬ್ಬನೇ. ಎರಡು ಸಲ ನಂಬಿದ್ದು ಸಾಕು, ಇನ್ನು ಬರೆಯಬೇಡ.

ತಮ್ಮ